ಕುಲಾವಿ ಹಿಡಿದ ಕೈ

ಇಲುಲಿಸ್ಸಾತ್ ಬಂದರಿಗೆ ಹನ್ನೊಂದು ಅಂತಸ್ತಿನ ಹಡಗು ಬಂದ ದಿನ
ಮೀನಿನ ಕಾರ್ಖಾನೆಗೆ ಅರ್ಧ ದಿನ ರಜೆ.
ಮಣಿಸರ ಮಾರಲು ಪಿಪಾಲುಕ್ ಹತ್ತಿದಳು.
ಸುರುಳಿ ಮೆಟ್ಟಿಲು, ಹಿತ್ತಾಳೆ ಕಂಬಿ,
ಮೇಲಿಂದ ಇಳಿಬಿದ್ದ ಗಾಜಿನ ಗೊಂಚಲು.
"ಅಬ್ಬಾ!" ಅಂದಳು. ಅನ್ನಲೇಬೇಕಿತ್ತು,
ಆ ಉದ್ಗಾರಕ್ಕೆಂದೇ ಕಟ್ಟಿದ್ದು ಎಲ್ಲ.
ಜೊತೆಗಿದ್ದವನು ಲೆಕ್ಕ ಒಪ್ಪಿಸಿದ:
ದೀಪ ನಾಲ್ಕು ಸಾವಿರ, ಚಮಚ ಇಪ್ಪತ್ತು ಸಾವಿರ.
ಚಮಚದ ಮಾತೇ ಒಂದು ವಾರ ಅವಳ ಬಾಯಲ್ಲಿ.

ಇನ್ನೊಂದನ್ನು ಹೇಳಲು ಮೂವತ್ತು ವರ್ಷ ಹಿಡಿಯಿತು,
ಅದೂ ಹಾಲಿಬಟ್ ಮೀನು ಸೀಳುತ್ತ, ತಲೆಯೆತ್ತದೆ:

ಎಂಟು ವಯಸ್ಸು ನನಗೆ. ಕ್ವಿಲ್ಲಾಕ್ ಮಾವನ ದೋಣಿ.
ಎಂಜಿನ್ ಆರಿಸಿ ಕಾಫಿ ಬಗ್ಗಿಸುತ್ತಿದ್ದ.
ದೂರದಲ್ಲೊಂದು ಹಿಮಬಂಡೆ,
ಸದ್ದು ನಮ್ಮನ್ನು ಮುಟ್ಟುವ ಮೊದಲೇ,
ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ
ತಲೆಕೆಳಗಾಯಿತು.
ಮೇಲೆದ್ದ ಹೊಟ್ಟೆ ನೀಲಿ.
ಯಾರಾದರೂ ನೋಡಲಿ ಎಂದು ಇದ್ದ ನೀಲಿಯಲ್ಲ.
ನಾವಿದ್ದೇವೆಂದೇ ಗೊತ್ತಿರಲಿಲ್ಲ ಅದಕ್ಕೆ.

ಮಂಡಿ ನಡುವಿನ ಲೋಟ ತುಂಬಿ, ಉಕ್ಕಿ,
ಕಾಲು ಸುಟ್ಟರೂ ಮಾವನ ಕೈ ಬಗ್ಗಿಸುತ್ತಲೇ ಇತ್ತು.
ಇನ್ನೊಂದು ಕೈ ನನ್ನ ಕುಲಾವಿಯನ್ನು ಬಿಗಿಹಿಡಿದಿತ್ತು,
ಹುಡುಗಿ ನೀರಿಗೆ ಬಿದ್ದಾಳೆಂದಲ್ಲ,
ಮೇಲಕ್ಕೆ ಬಿದ್ದಾಳೆಂದು.

ಅಲೆ ಬಂದದ್ದು ಆಮೇಲೆ.
ದಾರಿಯುದ್ದ ಗಾಳದ ಮಾತು, ಎಣ್ಣೆ ಬೆಲೆಯ ಮಾತು.
"ಏನು ಕಂಡಿರಿ?" ಅಮ್ಮ ಕೇಳಿದಳು.
"ಏನಿಲ್ಲ" ಅಂದ ಮಾವ,
ಸುಳ್ಳಲ್ಲದ ದನಿಯಲ್ಲಿ.

ಪಿಪಾಲುಕ್ ಚೂರಿ ಒರೆಸಿದಳು.
ಎಡಗೈ, ಅವಳಿಗೇ ತಿಳಿಯದೆ,
ಕತ್ತಿನ ಹಿಂದಕ್ಕೆ ಹೋಗಿ ಬಂತು.