ನೀರಿನ ಹದ

ಬಾಗಿಲು ತೆಗೆದೇ ಇರುತ್ತದೆ, ಅಡ್ಡ ಒಂದು ಪರದೆ ಅಷ್ಟೆ.
ಆದರೂ ಚೌಕಟ್ಟಿಗೆ ಎರಡು ಸಲ ಬಡಿಯುತ್ತೇನೆ.
"ಯಾರು?" ಎನ್ನುತ್ತಾಳೆ ಚಮನ್‌ಬಿ, ಗೊತ್ತಿದ್ದೂ.
"ನಾನು, ಕೆಂಚಮ್ಮ. ಬರಲಾ?"
ಒಂದೊಂದು ದಿನ "ತಡಿ" ಎನ್ನುತ್ತಾಳೆ.
ತಡೆಯುತ್ತೇನೆ, ದಾವಣಗೆರೆಯ ಈ ಮಂಡಕ್ಕಿ ಭಟ್ಟಿ ಓಣಿಯಲ್ಲಿ,
ಹೊಗೆ ಮೂಗಿಗಡರುತ್ತಿದ್ದರೂ,
ಚಪ್ಪಲಿ ಕೈಲಿ ಹಿಡಿದು.

ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದೆ.
ಅಲ್ಲಿ ಬಡಿಯಲು ಬಾಗಿಲಿರಲಿಲ್ಲ.
ಇಪ್ಪತ್ತೆರಡನ್ನು ಮಗ್ಗುಲಿಗೆ ತಿರುಗಿಸು,
ಇಪ್ಪತ್ಮೂರರ ಬಟ್ಟೆ ಬದಲಿಸು.
ಇಪ್ಪತ್ತೆರಡು ಸತ್ತದ್ದು ನನಗೆ ತಿಳಿದದ್ದು
ಅದೇ ಮಂಚದ ಮೇಲೆ ಬೇರೆ ಗಂಡಸು ಕೆಮ್ಮಿದಾಗ.

ಇಲ್ಲಿಗೆ ಬಂದ ಮೊದಲ ದಿನ
ಟವಲ್ ಅದ್ದಿ, ಹಿಂಡಿ, ಸೆರಗಿಗೆ ಕೈ ಹಾಕಿದೆ.
ಅವಳ ಬಲಗೈ, ಜೀವ ಉಳಿದಿರುವುದು ಅದೊಂದರಲ್ಲೇ,
ನನ್ನ ಮಣಿಕಟ್ಟು ಹಿಡಿಯಿತು.
ನಲವತ್ತು ವರ್ಷ ಕಾದ ಮರಳು ಜರಡಿಯಾಡಿದ ಕೈ.
ಬಿಡಿಸಿಕೊಳ್ಳಲಾಗಲಿಲ್ಲ.
"ನಾನೇನು ಪಾತ್ರೇನೇನೆ, ತೊಳೆಯೋಕೆ?"

ಅವತ್ತು ಸ್ನಾನ ಆಗಲಿಲ್ಲ.
ಹಾಳೆಯಲ್ಲಿ ಸ್ನಾನದ ಮನೆ ಖಾಲಿ ಬಿಟ್ಟದ್ದಕ್ಕೆ
ಮೇಡಮ್ಮು ಫೋನಲ್ಲಿ ಬೈದರು.

ಆಮೇಲೆ ಹೇಳಿಕೊಟ್ಟಳು, ಉಸಿರು ಸಿಕ್ಕಷ್ಟು ಸಿಕ್ಕಷ್ಟೇ,
ಮಗ್ಗುಲಲ್ಲಿ ಆಕ್ಸಿಜನ್ ಯಂತ್ರ ತನ್ನ ಪಾಡಿಗೆ ಬುಸುಗುಡುತ್ತಿರಲು:
"ಅಕ್ಕಿ ಸುರಿಯೋಕ್ ಮುಂಚೆ ಮರಳನ್ನ ಕೇಳ್ಬೇಕು.
ಒಂದು ಚಿಟಿಕೆ ಎಸಿ. ಮೂರು ಎಣಿಸೋದ್ರೊಳಗೆ ಅರಳಿದ್ರೆ ಹದ.
ಅರಳ್ಲಿಲ್ವಾ, ಹಸಿ.
ಕರಕಾತಾ, ನಿನ್ನ ಕೂಲಿ ಹೋತು.
ನೀರಿಗೂ ಅಷ್ಟೇ ಕಣೆ."

ಈಗ ಬಕೆಟ್ಟು ಮಂಚದ ಬಲಕ್ಕಿಡುತ್ತೇನೆ.
ನಾಲ್ಕು ಬೆರಳು ಅದ್ದಿ ಕಣ್ಣು ಮುಚ್ಚುತ್ತಾಳೆ.
"ಹಸಿ."
ಕಾಸುತ್ತೇನೆ.
"ಇನ್ನೂ ಹಸಿ."
ಸೊಸೆ ಪರ್ವೀನ್ ನನ್ನತ್ತ ಕಣ್ಣು ಬಿಡುತ್ತಾಳೆ.
ಅವಳದೂ ತಪ್ಪಲ್ಲ, ಸಿಲಿಂಡರು ತಿಂಗಳು ಬರಬೇಕು.
"ಹ್ಞಾ, ಆತು."
ಮೊದಲು ಮುಖ, ಅದು ಅವಳೇ.
ಎಡಗೈ ನಾನು, ಬೆನ್ನು ನಾನು.
ಉಳಿದದ್ದಕ್ಕೆ ನನ್ನ ಕೈ ಸೀರೆಯೊಳಗೆ,
ಕಣ್ಣು ಗೋಡೆಯ ಕ್ಯಾಲೆಂಡರಿನಲ್ಲಿ.
ಈ ತಿಂಗಳ ಅಮಾವಾಸ್ಯೆ, ಜುಮ್ಮಾ, ಹಾಲಿನ ಲೆಕ್ಕ
ಎಲ್ಲ ನನಗೆ ಬಾಯಿಪಾಠ.

ವಾರಗಟ್ಟಲೆ ನಡುಬೈತಲೆ ತೆಗೆದಿದ್ದೆ.
ಒಂದು ದಿನ ಕನ್ನಡಿ ಕೇಳಿ, ನೋಡಿ, ಅಂದಳು:
"ನಡುಬೈತಲೆ ನಮ್ಮಕ್ಕಂದು. ನಾನು ಬೇರೆ."

ಗಟ್ಟಿಯದು ಗಂಟಲಿಗಿಳಿಯದು.
ನೆನೆಸಿ ಹಿಂಡಿದ ಮಂಡಕ್ಕಿ, ಎರಡೇ ಚಮಚ.
ನಾಲಿಗೆಯಲ್ಲಿ ಹೊರಳಿಸಿ ಭಟ್ಟಿಯ ಹೆಸರು ಹೇಳುತ್ತಾಳೆ,
ಉಪ್ಪಿನ ನೀರು ಯಾರು ಹಾಕಿದ್ದೆಂದೂ ಕೂಡ.

ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ.
ನಾನು ಓಡಿ ದೊಡ್ಡ ಸಿಲಿಂಡರಿಗೆ ಕೊಳವೆ ಸಿಕ್ಕಿಸುವ
ಆ ಅರೆ ನಿಮಿಷ ಮನೆಯೊಳಗೆ ಬೇರೆ ಸದ್ದಿಲ್ಲ,
ಹಿಂದಿನ ಭಟ್ಟಿಯ ಚಟಪಟ ಮಾತ್ರ.
ಅವಳ ಹೆಬ್ಬೆರಳು ಗೆಣ್ಣಿನ ಮೇಲೆ ಎಣಿಸುತ್ತಿರುತ್ತದೆ.
ತನ್ನ ಪುಪ್ಪುಸ ತಿಂದದ್ದು ಆ ಹೊಗೆಯೇ ಎಂದು ಗೊತ್ತು.
"ಕಿಟಕಿ ಹಾಕಲಾ?"
"ಅರ್ಧ."

ನಿನ್ನೆ ಬಕೆಟ್ ಎತ್ತುವಾಗ ನನ್ನ ಸೊಂಟ ಹಿಡಿಯಿತು.
ಅಯ್ಯೋ ಎನ್ನಲಿಲ್ಲ, ಉಸಿರು ಒಳಗೆಳೆದೆ ಅಷ್ಟೆ.
ಉಸಿರಿನ ವಿಷಯ ಅವಳಿಂದ ಮುಚ್ಚಿಡಲಾದೀತೆ?
"ಇವತ್ತು ನಂಗೆ ಬ್ಯಾಡ. ಈ ನೀರು ನಿಂದು.
ಟವಲ್ ಅದ್ದಿ ನಡಕ್ಕೆ ಇಟ್ಕೊ. ಮೊದ್ಲು ಹದ ನೋಡು."

ಹಾಳೆಯಲ್ಲಿ ಇದನ್ನು ಬರೆಯಲು ಮನೆಯಿಲ್ಲ.

ಬೆರಳು ಅದ್ದಿದೆ.
ಗಂಡನ ನೀರು, ಕೂಸುಗಳ ಎರೆ ನೀರು,
ಇಪ್ಪತ್ತೆರಡರದು, ಇಪ್ಪತ್ಮೂರರದು, ಎಲ್ಲ ಕಾಸಿದ ಕೈ
ಅಲ್ಲೇ ನಿಂತುಬಿಟ್ಟಿತು,
ಏನು ಕೇಳಿದರೆಂದು ತಿಳಿಯದ ಮಗುವಿನಂತೆ.

"ಏನಂತೈತೆ ನೀರು?"

ಬಹಳ ಹೊತ್ತಾದ ಮೇಲೆ
"ಹಸಿ" ಅಂದೆ.

ಚಮನ್‌ಬಿ ಅಡುಗೆಮನೆ ಕಡೆ ಕತ್ತು ತಿರುಗಿಸಿ,
ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು:
"ಪರ್ವೀನ್, ಒಲೆ ಹಚ್ಚೇ!"