ಗುರುವಾರದ ಹಡಗು

ಶುಕ್ರವಾರ ಬೆಳಿಗ್ಗೆ ಮಟೊಸಿನ್ಯೋಸಿನ ನಮ್ಮ ಕಾರ್ಖಾನೆಯಲ್ಲಿ
ಮೊದಲು ಕತ್ತರಿ ಬೀಳುವುದು ಬೂತಾಯಿಯ ತಲೆಗಲ್ಲ,
ಹಿಂದಿನ ರಾತ್ರಿಯ ಕಂತಿಗೆ.

ಏಪ್ರನ್ನಿನ ದಾರ ಇನ್ನೂ ಬಿಗಿದಿರುವುದಿಲ್ಲ,
ಜುಲ್ಮಿರಾ ಶುರುಮಾಡುತ್ತಾಳೆ:
"ಆ ಡಾಕ್ಟರು ಡಾಕ್ಟರಲ್ಲ ಕಣ್ರೇ.
ಮೊದಲ ಕಂತಲ್ಲಿ ಎಡಗೈಯಿಂದ ಹೊಲಿಗೆ ಹಾಕಿದವಳು
ನಿನ್ನೆ ಬಲಗೈಯಲ್ಲಿ ಚಾಕು ಹಿಡಿದಳು."
ಇಪ್ಪತ್ತೆರಡು ವರ್ಷ ಕೈಗಳನ್ನೇ ನೋಡುತ್ತ ಬದುಕಿದವಳ ಮಾತು,
ತೆಗೆದುಹಾಕುವಂತಿಲ್ಲ.

ನೋಡದವರಿಗೆ ಹೇಳುತ್ತೇನೆ: ಒಂದು ಹಡಗು, ನೀರಿನದಲ್ಲ,
ನಕ್ಷತ್ರಗಳ ನಡುವೆ ಕೆಟ್ಟು ನಿಂತದ್ದು.
ಮಲಗುವ ಪೆಟ್ಟಿಗೆ ಏಳು. ಎದ್ದವರು ಆರು ಮಂದಿ.
ಏಳನೆಯದಕ್ಕೆ ಒಳಗಿನಿಂದ ಚಿಲಕ.
ರಾತ್ರಿ ಅದರೊಳಗೆ ಏನೋ ಉಗುರಲ್ಲಿ ಗೀರುತ್ತದೆ,
ತವರದ ಮೇಲೆ ತವರ ಎಳೆದ ಹಾಗೆ,
ನನ್ನ ಹಲ್ಲು ಜುಮ್ಮೆನ್ನುತ್ತದೆ.

ಒಡೆಟ್ ಪ್ರಕಾರ ಪೆಟ್ಟಿಗೆ ಖಾಲಿ.
"ಖಾಲಿ ಪೆಟ್ಟಿಗೆ ಗೀರುತ್ತಾ?"
"ನಮ್ಮತ್ತೆ ಮನೆ ಬೀರು ಗೀರ್ತಿತ್ತು, ಮರ ಹಿಗ್ಗಿದಾಗ."
ಗ್ರಾಸಾಗೆ ಅನುಮಾನವೇ ಇಲ್ಲ: ಎಲ್ಲ ಯಾವಾಗಲೋ ಸತ್ತಿದ್ದಾರೆ,
ಇದು ಯಾರೋ ಕಾಣುತ್ತಿರುವ ಕನಸು.
"ಕನಸು ಅಂತ ಮುಗಿಸಿದರೆ," ಜುಲ್ಮಿರಾ ಕತ್ತರಿ ಎತ್ತಿದಳು,
"ಟಿವಿ ನಾಲ್ಕನೇ ಮಹಡಿಯಿಂದ ಕೆಳಗೆ, ನೋಡ್ತಿರು."

ಡಿಯೊಲಿಂಡಾ ಒಂದು ಕಂತೂ ನೋಡಿದವಳಲ್ಲ.
ಅವಳ ಟಿವಿ ಗಂಡನ ಜೊತೆಗೇ ಹೋಯಿತು.
ಮೇಲಕ್ಕಲ್ಲ, ಬ್ರಾಗಾದಲ್ಲಿ ಒಬ್ಬಳ ಮನೆಗೆ.
ನಾವು ಹೇಳಿದಷ್ಟೇ ಅವಳ ಹಡಗು.
ತಲೆಯ ಜಾಗಕ್ಕೆ ಬಾಲ ಬರುವಂತೆ
ಡಬ್ಬಿಗೆ ಐದೈದು ಮೀನು ಮಲಗಿಸುತ್ತ
ಒಂದು ದಿನ ಕೇಳಿದಳು:
"ಅಲ್ಲಿ ಅಡುಗೆ ಯಾರದು?"

ಕತ್ತರಿಗಳು ನಿಂತವು.
"ಉಣ್ತಾರಲ್ಲ? ತೊಳೀಬೇಕಲ್ಲ? ತಟ್ಟೆ ಎಷ್ಟು?"

ಎಣಿಸುವುದು ನನ್ನ ಕೆಲಸ, ದಿನಕ್ಕೆ ನಾಲ್ಕು ಸಾವಿರ ಮುಚ್ಚಳ.
ಆ ರಾತ್ರಿ ಮೊದಲಿನಿಂದ ಹಾಕಿಕೊಂಡು ಕೂತೆ,
ಭಯದ ಜಾಗಗಳನ್ನು ಓಡಿಸಿ
ಊಟದ ಜಾಗದಲ್ಲಿ ನಿಲ್ಲಿಸಿ.
ಎರಡನೇ ಕಂತು: ಏಳು ತಟ್ಟೆ.
ಐದನೆಯದು: ಏಳು.
ಯಂತ್ರದವನು ಸತ್ತ ಮರುದಿನವೂ ಏಳು,
ಒಂದು ಇನ್ನೂ ಒದ್ದೆ.
ಎದ್ದು ಹೋಗಿ ನಮ್ಮ ಅಡುಗೆಮನೆಯ ದೀಪ ಹಾಕಿದೆ.
ಹಾಕಿದ ಮೇಲೆ, ನಗಬೇಡಿ, ನಮ್ಮವನ್ನೂ ಎಣಿಸಿದೆ.

ಆ ವಾರವೆಲ್ಲ ನಮ್ಮ ಮೇಜಿಗೆ ಹಬ್ಬ.
ಮಾತಾಡಿದರೆ ಸಂಬಳ ಕಡಿಯುವ ಮೇಲ್ವಿಚಾರಕನೂ
ತೊಟ್ಟಿ ನೋಡುವ ನೆಪದಲ್ಲಿ ಬಂದು ನಿಂತು
ತಟ್ಟೆಯ ಕಥೆ ಎರಡು ಸಲ ಹೇಳಿಸಿಕೊಂಡ.

ಕೊನೆಯ ಕಂತು ಬಂತು.
ಕನಸಂತೆ.
ಕ್ಯಾಪ್ಟನ್ನಳು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳು,
ಕಿಟಕಿಯಲ್ಲಿ ಹಕ್ಕಿ, ಹಿಂದೆ ಪಿಟೀಲು.
ತಟ್ಟೆಯ ಸುದ್ದಿಯೇ ಇಲ್ಲ.
"ಸೆಟ್ಟಿನ ಹುಡುಗ ಯಾವನೋ ಲೆಕ್ಕ ತಪ್ಪಿ ಇಟ್ಟಿರಬೇಕು,"
ಗ್ರಾಸಾ ಮೆಲ್ಲಗೆ ಅಂದಳು.
ಗೆದ್ದವರ ಮುಖ ಹಾಗಿರುವುದಿಲ್ಲ.
ಜುಲ್ಮಿರಾ ಟಿವಿ ಎಸೆದಿರಲಿಲ್ಲ;
ಅದರ ಕಂತು ಇನ್ನೂ ಎಂಟು ಬಾಕಿ.

ಡಿಯೊಲಿಂಡಾ ಕೈಗವಸು ಎಳೆದುಕೊಳ್ಳುತ್ತ ಬಂದಳು.
"ಏನಾಯ್ತು?"

ಉಪ್ಪುನೀರಿನ ತೊಟ್ಟಿ ಒಂದು ಸಲ ಗುಳುಕ್ಕೆಂದಿತು.
ಒಡೆಟ್, ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಒಡೆಟ್,
ಮೀನಿನ ಹೊಟ್ಟೆ ಒರೆಸುತ್ತ ಹೇಳಿದಳು:
"ತಟ್ಟೆ ಕಣೇ. ನೀನಂದ ಹಾಗೇ.
ಏಳನೆಯವಳು ಹೊರಗೇ ಇದ್ದಳು, ಮೊದಲಿಂದ.
ಅಡುಗೆ ಮಾಡ್ತಾ.
ಯಾರೂ ತಿರುಗಿ ನೋಡಿರಲಿಲ್ಲ ಅಷ್ಟೆ."

ಡಿಯೊಲಿಂಡಾ ತಲೆಯಾಡಿಸಿದಳು,
ಪಕ್ಕದ ಮನೆಯ ಸುದ್ದಿ ಕೇಳಿದ ಹಾಗೆ.
ಒಂದು ಬಾಲ ಕತ್ತರಿಸಿದಳು. ಇನ್ನೊಂದು.
"ಹಾಗಾದ್ರೆ ಪೆಟ್ಟಿಗೆಯೊಳಗೆ ಗೀರ್ತಿದ್ದದ್ದು?"

ಅದನ್ನು ನಾವು ಯೋಚಿಸಿರಲಿಲ್ಲ.
ಅವರು ಮೂವರು ಮೀನು ಹಿಡಿದು,
ನಾನೊಬ್ಬಳು ಮುಚ್ಚಳ ಹಿಡಿದು, ನಿಂತೆವು.

ಕೊನೆಗೆ ಜುಲ್ಮಿರಾ, ತಲೆ ಎತ್ತದೆ,
"ಅದು ಮುಂದಿನ ಗುರುವಾರ" ಅಂದಳು.