ಐದನೆಯ ಗುಂಡಿ

ಶುವೈಖಿನ ಓಣಿಯಲ್ಲಿ, ಟೈರಿನವನಿಗೂ ರೇಡಿಯೇಟರಿನವನಿಗೂ ನಡುವೆ
ಎಂಟಡಿ ಅಗಲ ನನ್ನ ಅಂಗಡಿ.
ಹೊರಗೆ ಐವತ್ತು ಡಿಗ್ರಿ. ಒಳಗೆ ಎಸಿ ಕೆಮ್ಮುತ್ತದೆ.
ಮಿಶಾರಿ ಬಂದ, ಬಿಳಿಯ ತಲೆವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು,
ಜ್ವರದ ಮಗುವನ್ನು ತಂದ ಹಾಗೆ:
ಅಪ್ಪನ ಅರವತ್ತೆಂಟರ ಇಂಪಾಲಾದ ರೇಡಿಯೋ,
ಕಂಪೆನಿಯಿಂದಲೇ ಬಂದದ್ದು.

"ಬ್ಲೂಟೂತ್ ಬೇಡ. ಒಳಗೆ ಬಚ್ಚಿಡುವುದೂ ಬೇಡ.
ಹೇಗಿತ್ತೋ ಹಾಗೆ."
ಹೇಗಿತ್ತೆಂದು ಅವನಿಗೂ ಸರಿಯಾಗಿ ಗೊತ್ತಿಲ್ಲ.
ಆಗ ಅವನಿಗೆ ನಾಲ್ಕು ವರ್ಷ.

ಮುಚ್ಚಳ ತೆಗೆದೆ. ಮೊದಲು ಸುರಿದದ್ದು ಮರಳು, ಒಂದು ಚಮಚೆ.
ಆಮೇಲೆ ಒಣಗಿದ ಜೇಡ.
ಆಮೇಲೆ ಒಂದು ಖರ್ಜೂರದ ಬೀಜ,
ಅದು ಹೇಗೆ ಒಳಹೊಕ್ಕಿತೋ.
ಗ್ರೀಸು ಹಳೇ ಜೋನಿಬೆಲ್ಲದಂತೆ ಗಟ್ಟಿ,
ಕೆಪಾಸಿಟರುಗಳೆಲ್ಲ ಒಣಗಿ ಬಿರಿದಿವೆ,
ಸ್ಪೀಕರಿನ ಕಾಗದ ಮುಟ್ಟಿದರೆ ಹಪ್ಪಳ.
ತೆಳು ಅಂಟು, ಟಿಶ್ಯೂ ಚೂರು, ಉಸಿರು ಬಿಗಿಹಿಡಿದು ತೇಪೆ.

ಈಗಿನವಕ್ಕೆ ನೆನಪು ಬ್ಯಾಟರಿ ಇರುವ ತನಕ.
ಇದರದ್ದು ಹಿತ್ತಾಳೆಯ ನೆನಪು.
ಗುಂಡಿ ಹೊರಗೆಳೆದು, ಮುಳ್ಳನ್ನು ಬೇಕಾದಲ್ಲಿ ನಿಲ್ಲಿಸಿ
ಒಮ್ಮೆ ಜೋರಾಗಿ ಒತ್ತಿದರೆ ಮುಗಿಯಿತು.
ಒತ್ತಿದವನು ಸತ್ತರೂ ಮುಳ್ಳು ಅಲ್ಲಿಗೇ ಬಂದು ನಿಲ್ಲುತ್ತದೆ.

ಒಂದು, ಕುವೈತ್. ಎರಡು, ಬಸ್ರಾ ಕಡೆಯದ್ದು.
ಮೂರು ಕೈರೋ, ನಾಲ್ಕು ಲಂಡನ್ನಿನ ಅರಬ್ಬಿ ವಾರ್ತೆ.
ಹಳೇ ಪಟ್ಟಿ ನೋಡಿ ಗುರುತು ಹಚ್ಚಿದೆ.
ಐದನೆಯದು ಯಾವುದಕ್ಕೂ ಸೇರಲಿಲ್ಲ.

ಫೋನಿನಲ್ಲಿ ಮಿಶಾರಿ ನಕ್ಕ:
"ಅದು ಡ್ರೈವರನದ್ದಿರಬೇಕು. ಅಪ್ಪ ದಿವಾನಿಯಾದಲ್ಲಿ ಕೂತರೆ ನಡುರಾತ್ರಿ,
ಅವನು ಕಾರಿನಲ್ಲೇ. ನಿಮ್ಮವನೇ, ಹಿಂದಿ.
ಬುತ್ತಬ್ಬ ಅಂತ ಹೆಸರು."

ಬುತ್ತಬ್ಬ.
ಅರಬ್ಬಿ ನಾಲಿಗೆಯಲ್ಲಿ 'ಪ' ಇಲ್ಲ.
ನನ್ನಷ್ಟಕ್ಕೆ ತಿದ್ದಿ ಹೇಳಿಕೊಂಡೆ: ಪುತ್ತಬ್ಬ.
ಉಳ್ಳಾಲದಿಂದ ಆಚೆ ಎಷ್ಟು ಪುತ್ತಬ್ಬಂದಿರೋ,
ನನ್ನ ಶಾಲೆಯಲ್ಲೇ ಇಬ್ಬರಿದ್ದರು.
ಇವನು ಯಾವ ಮನೆಯವನು, ಯಾರ ಅಣ್ಣ,
ಕೇಳಲು ಯಾರಿದ್ದಾರೆ.

ಆ ರಾತ್ರಿ ಮಾಳಿಗೆಗೆ ತಂತಿ ಎಳೆದು ಐದನ್ನು ಒತ್ತಿದೆ.
ಕತ್ತಲಾದ ಮೇಲೆ ಮೀಡಿಯಂ ವೇವ್ ಸಮುದ್ರ ದಾಟುತ್ತದೆ,
ಅದು ನನಗೆ ಗೊತ್ತು.
ಅವನಿಗೂ ಗೊತ್ತಿದ್ದಿರಬೇಕು:
ತೆಂಗಿನಕಾಯಿಯ ಧಾರಣೆ, ದೋಣಿಯವರಿಗೆ ಗಾಳಿಯ ಎಚ್ಚರಿಕೆ,
ಮಧ್ಯೆ ಮಧ್ಯೆ ಕಳಚಿ ಬೀಳುವ ಅರ್ಧ ಮಾತು.
ಈಗ ಏನೂ ಇಲ್ಲ.
ಎಣ್ಣೆಗೆ ಸಾಸಿವೆ ಹಾಕಿ ಯಾರೋ ಒಲೆ ಆರಿಸಲು ಮರೆತ ಹಾಗೆ
ಚಟಪಟ, ಚಟಪಟ.
ಎರಡು ಗಂಟೆಯವರೆಗೆ ಕೂತೆ.

ಗುರುವಾರ ಮಿಶಾರಿ ಬಂದು ಕಾರಿನಲ್ಲಿ ಕೂತು ಒಂದೊಂದೇ ಒತ್ತಿದ.
ಕುವೈತ್ ಬಂದಾಗ ಅವನ ಗಲ್ಲ ಅಲುಗಿತು.
"ಐದರಲ್ಲಿ ಏನೂ ಇಲ್ಲವಲ್ಲ. ಬೇರೆ ಏನಾದರೂ ಕೂರಿಸು."

"ಹಿತ್ತಾಳೆ ಕಚ್ಚಿಕೊಂಡಿದೆ," ಎಂದೆ. "ಎಳೆದರೆ ಮುರಿಯುತ್ತದೆ."

ಹಿಂದಿನ ದಿನವಷ್ಟೇ ಅದಕ್ಕೆ ಹೊಸ ಗ್ರೀಸು ಹಾಕಿದ್ದೆ.
ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತಿತ್ತು.

ಅವನು ನನ್ನ ಮುಖ ನೋಡಿದ, ತುಸು ಹೆಚ್ಚೇ ಹೊತ್ತು.
"ಖಲ್ಲೀ," ಎಂದ. ಇರಲಿ ಬಿಡು.

ಬಿಲ್ಲು ಬರೆದೆ: ಕೆಪಾಸಿಟರ್ ಏಳು, ಸ್ಪೀಕರ್ ತೇಪೆ, ಕೂಲಿ.
ಖರ್ಜೂರದ ಬೀಜ ಕೊಡುವುದು ಮರೆತುಹೋಯಿತು.
ಸ್ಕ್ರೂ ಡಬ್ಬಿಯಲ್ಲಿದೆ.